ಬಾಯಿಗೆ ಸಕ್ಕರೆ

ಏಳು ತಿಂಗಳ ಬಸುರಿ ಬೆಟ್ಟದ ತುದಿ ಮುಟ್ಟಿದರೆ ಹೊಟ್ಟೆಯೊಳಗಿನ ಮಗು ಮಾತಾಡುತ್ತದೆ. ಅದು ‘ಬರ್ತೀನಿ’ ಎಂದರಷ್ಟೇ ಹೆರಿಗೆ; ಒಲ್ಲೆನೆಂದರೆ ಬಸಿರು ಅಲ್ಲೇ ಕರಗಿಹೋಗುತ್ತದೆ.

ಸುಧಾಮಣಿ ಏದುಸಿರು ಬಿಡುತ್ತ ಕೂತಾಗಲೆಲ್ಲ ಗಂಡ ಮಾದೇಶ ಗಂಟಲು ಸರಿಮಾಡಿಕೊಂಡು, “ಇನ್ನೊಂದೇ ತಿರುವು ಕಣೇ” ಎನ್ನುತ್ತಿದ್ದ. ಪ್ರತಿ ತಿರುವಿನಾಚೆಗೂ ಮತ್ತೊಂದು ತಿರುವಿತ್ತು. ಸುಳ್ಳಿಗೆ ಮುಂಚೆ ಆ ಗಂಟಲ ಸದ್ದು ಬರುತ್ತದೆಂದು ತಿಳಿದು ಅವಳಿಗೆ ನಗು ಬಂತು. ಹೋದ ವಾರ ಡಾಕ್ಟರು ಅವಳನ್ನು ಹೊರಗೆ ಕೂರಿಸಿ, ಗಂಡನನ್ನೂ ಅತ್ತೆಯನ್ನೂ ಮಾತ್ರ ಒಳಗೆ ಕರೆದಿದ್ದರು. ಅಂದಿನಿಂದ ಇಬ್ಬರೂ ಅವಳನ್ನು ಹೂವಿನಂತೆ ನೋಡಿಕೊಳ್ಳುತ್ತಿದ್ದರು.

ತುದಿಯಲ್ಲಿ ಬಸುರಿಯರ ಸಾಲಿತ್ತು. ಸರದಿ ಬಂದಾಗ ಅತ್ತೆ ಸೊಸೆಯ ಹೊಟ್ಟೆಯ ಹತ್ತಿರ ಬಗ್ಗಿ ಕೇಳಿದರು: “ನಮ್ಮನೆಗೆ ಬರ್ತೀಯಾ, ಬಂಗಾರ?”

ಒಳಗಿನಿಂದ ಎಳೆಯ ದನಿ ಬಂತು: “ನಾನು ಬಂದ್ರೆ ಅಮ್ಮ ಇರ್ತಾಳಾ?”

ಸುಧಾಮಣಿ ಗಂಡನ ಮುಖ ನೋಡಿದಳು. ಅತ್ತೆ ಮಗನನ್ನು ಮೊಣಕೈಯಿಂದ ತಿವಿದರು. ಮಾದೇಶ ಗಂಟಲು ಸರಿಮಾಡಿಕೊಂಡ.

“ಇರ್ತಾಳೆ ಕಂದಾ.”

“ಹಂಗಾದ್ರೆ ಬರ್ತೀನಿ.”

“ನಿನ್ನ ಬಾಯಿಗೆ ಸಕ್ಕರೆ ಹಾಕ!” ಎನ್ನುತ್ತ ಅತ್ತೆ ಪೊಟ್ಟಣ ಬಿಚ್ಚಿದರು.

“ಸುಳ್ಳು” ಎನ್ನಲು ಸುಧಾಮಣಿ ಬಾಯಿ ತೆರೆದಳು. ಮಗುವಿನ ಬಾಯಿ ಇನ್ನೂ ಹೊರಗೆ ಬಂದಿಲ್ಲವಲ್ಲ. ಅತ್ತೆ ಸಕ್ಕರೆಯನ್ನೆಲ್ಲ ಅವಳ ಬಾಯಿಗೇ ತುರುಕಿದರು.