ಹನ್ನೊಂದು ಸಾವಿರ ಗೀರು

"ಮಾವ, ಇವಳು ಇನ್ನೂ ಸತ್ತಿಲ್ವಾ?"

ಅಕ್ಕನ ಮಗಳು ಬಾಗಿಲಿಗೆ ಒರಗಿ ಕೇಳಿದಳು. ಚಿತ್ರಮಂದಿರದ ಮ್ಯಾನೇಜರು ಅವಳೇ. ಹತ್ತಿಮಾವ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

"ಸಾಯ್ತಾಳೆ, ತಾಳೇ. ಮೂರು ವಾರದಿಂದ ಸಾಯ್ತಾನೇ ಇದ್ದಾಳೆ. ಚಾಕು ಇನ್ನೂ ಭುಜದ ಹತ್ರ ಇದೆ."

ಎದುರಿನ ಪರದೆಯಲ್ಲಿ ಗೋಣಿಚೀಲದ ಮುಸುಕು ಹಾಕಿದ ಕೊಲೆಗಾರ ಚಾಕು ಎತ್ತಿ ನಿಂತಿದ್ದ. ಅವನ ಕಾಲ ಬುಡದಲ್ಲಿ ಒಬ್ಬಳು ಬಾಯಿ ತೆರೆದು ಹಾಗೇ ಉಳಿದಿದ್ದಳು. ಇಬ್ಬರ ಮೇಲೂ ಜಡಿಮಳೆ ಹೊಡೆದ ಹಾಗೆ ಗೀರುಗಳು. ಹಳೆಯ ರೀಲನ್ನು ಹತ್ತಿಯಿಂದ ಒರೆಸಿ, ಯಂತ್ರದಲ್ಲಿ ಹಾಯಿಸಿ ಕಂಪ್ಯೂಟರಿಗೆ ಇಳಿಸಿ, ಒಂದೊಂದೇ ಗೀರನ್ನು ಹುಡುಕಿ ಅಳಿಸುವುದು ಹತ್ತಿಮಾವನ ಕೆಲಸ. ಜೇಬಿನಲ್ಲಿ ಸದಾ ಹತ್ತಿಯ ಉಂಡೆ ಇರುತ್ತಿದ್ದುದರಿಂದ ಆ ಹೆಸರು. ಮುಖ ತೊಳೆಸದೆ ಮಗುವನ್ನು ನೆಂಟರ ಮುಂದೆ ಬಿಡಬಾರದು, ಗೀರು ತೆಗೆಯದೆ ಸಿನಿಮಾವನ್ನು ಪರದೆಗೆ ಬಿಡಬಾರದು ಎನ್ನುವವನು.

"ಭಾನುವಾರದ ಬೆಳಗಿನ ಆಟಕ್ಕೆ ಅರ್ಧ ಕುರ್ಚಿನಾದ್ರೂ ತುಂಬದಿದ್ರೆ ಈ ಕೋಣೆ ಪಾಪ್‌ಕಾರ್ನ್ ಯಂತ್ರಕ್ಕೆ ಹೋಗುತ್ತೆ ಮಾವ. ಮಾಲೀಕರು ಬಂದು ಅಳತೆ ತಗೊಂಡು ಹೋದ್ರು. ಇನ್ನು ನನ್ನ ಕೈಲಿ ತಡೆಯೋಕಾಗಲ್ಲ."

"ನನ್ನನ್ನೂ ಅಳೆದ್ರಾ?"

"ಯಂತ್ರ ಇಟ್ಟ ಮೇಲೆ ನೀವು ಹಿಡಿಸಲ್ಲ ಅಂದ್ರು."

ಆ ಕೋಣೆ ಬಿಟ್ಟರೆ ಹತ್ತಿಮಾವನಿಗೆ ಹೋಗಲು ಮನೆ ಇತ್ತು, ಕೂರಲು ಜಾಗ ಇರಲಿಲ್ಲ. ಹಾಗಾಗಿ ಈ ಸಲದ ಆಯ್ಕೆಯಲ್ಲಿ ತಪ್ಪಬಾರದೆಂದು, ಜನ ಅಟ್ಟ ಗುಡಿಸಿ ತಂದು ಸುರಿಯುವ ಡಬ್ಬಿಗಳ ರಾಶಿಯಿಂದ 'ಗೋಣಿಮುಖ'ವನ್ನು ಎತ್ತಿಕೊಂಡಿದ್ದ. ಶೀರ್ಷಿಕೆಯಲ್ಲಿ ನಲವತ್ತಾರು ವರ್ಷ ಹಿಂದಿನ ಇಸವಿ. ನಿರ್ದೇಶಕನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅಷ್ಟು ವಯಸ್ಸಾದ ರೀಲು ಹುಳಿ ವಾಸನೆ ಹೊಡೆಯಬೇಕು. ಈ ಡಬ್ಬಿ ಚಹಾದ ವಾಸನೆ ಹೊಡೆಯುತ್ತಿತ್ತು. ಯಾರೋ ಪುಣ್ಯಾತ್ಮರು ಅಡುಗೆಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ ಎಂದುಕೊಂಡ.

ಗೀರುಗಳೂ ವಿಚಿತ್ರ. ಪಾತ್ರಗಳು ಸುಮ್ಮನೆ ಹರಟುವಾಗ ಎರಡೋ ಮೂರೋ. ಚಾಕು ಮೇಲೆದ್ದರೆ ಸಾಕು, ಸೊಳ್ಳೆಗಳ ಹಾಗೆ ಮುತ್ತಿಕೊಳ್ಳುತ್ತಿದ್ದವು.

"ಆಗಿನ ಆಪರೇಟರ್ ಈ ಜಾಗವನ್ನೇ ತಿರುಗಿಸಿ ತಿರುಗಿಸಿ ನೋಡಿ ಸವೆಸಿದ್ದಾನೆ. ರಸಿಕ," ಎಂದು ಬೈದುಕೊಂಡೇ ಅಳಿಸಿದ. ಕೊಲೆಗಾರನ ಹಿಂದೆ ಗೋಡೆಯ ಮೇಲೆ ಒಂದು ಹಸಿರು ಚುಕ್ಕೆ ಮಿಣುಕುತ್ತಿತ್ತು. ರೀಲಿಗೆ ಬೂಷ್ಟು ಹಿಡಿದಿದೆ ಎಂದು ಅದನ್ನೂ ಅಳಿಸಿದ. ಶುಕ್ರವಾರದ ಹೊತ್ತಿಗೆ ಹನ್ನೊಂದು ಸಾವಿರ ಗೀರು ಹೋಗಿದ್ದವು. ಜೊತೆಗೆ ಅವನ ಕತ್ತೂ ಹೋಗಿತ್ತು.

ಅಕ್ಕನ ಮಗಳು ಊರೆಲ್ಲ ಭಿತ್ತಿಪತ್ರ ಅಂಟಿಸಿದಳು: 'ನಲವತ್ತಾರು ವರ್ಷಗಳ ಬಳಿಕ ಮತ್ತೆ ಕೊಲೆ'. ಭಾನುವಾರ ಮುಕ್ಕಾಲು ಚಿತ್ರಮಂದಿರ ತುಂಬಿತು. ದೀಪ ಆರಿತು. ಚಿತ್ರ ಆಗಷ್ಟೇ ತೊಳೆದಿಟ್ಟ ಗಾಜಿನ ಹಾಗಿತ್ತು. ಹತ್ತಿಮಾವ ಹಿಂದಿನ ಸಾಲಿನಲ್ಲಿ ಉಸಿರು ಬಿಗಿಹಿಡಿದು ಕೂತ.

ಗೋಣಿಮುಖ ಚಾಕು ಎತ್ತಿದ. ಚಾಕುವಿನ ತುದಿ ಮೆಲ್ಲಗೆ ಬಾಗಿ ಜೋತುಬಿತ್ತು.

ಅದು ರಟ್ಟಿನ ಚಾಕು. ಬೆಳ್ಳಿ ಕಾಗದ ಸುಲಿದಿದ್ದ ಕಡೆ ಬಿಸ್ಕತ್ತಿನ ಪೊಟ್ಟಣದ ಅರ್ಧ ಚಿತ್ರ ಇಣುಕುತ್ತಿತ್ತು. ಸತ್ತು ಬಿದ್ದವಳು ತುಟಿಯ ಮೇಲಿನ ರಕ್ತವನ್ನು ನಾಲಿಗೆ ಚಾಚಿ ನೆಕ್ಕಿದಳು. ಟೊಮೆಟೊ ಸಾಸ್ ರುಚಿಯಾಗಿತ್ತೇನೋ. ಮೂರು ವಾರ ಹತ್ತಿಮಾವ ನೋಡಿದ್ದು ಗೀರುಗಳನ್ನು. ಚಾಕುವನ್ನು ಈಗ ಮೊದಲ ಸಲ ನೋಡಿದ.

ಚಿತ್ರಮಂದಿರ ನಕ್ಕು ನಕ್ಕು ಬಿದ್ದಿತು. ನಾಲ್ಕನೇ ಕೊಲೆಯ ಹೊತ್ತಿಗೆ ಜನ ಒಟ್ಟಾಗಿ, "ಬಾಗ್ತು, ಬಾಗ್ತು," ಎಂದು ಕೂಗತೊಡಗಿದರು. ಹತ್ತಿಮಾವ ಕುರ್ಚಿಯಲ್ಲಿ ಇನ್ನಷ್ಟು ಕೆಳಗೆ ಜಾರಿದ. ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಮಾತ್ರ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಸದ್ಯ, ಒಬ್ಬಳಾದರೂ ಹೆದರಿದಳಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಆಟ ಮುಗಿದು ಕೋಣೆಗೆ ಬಂದು ಮುದುರಿ ಕೂತಿದ್ದಾಗ ಅಕ್ಕನ ಮಗಳು ಹಾರಿಕೊಂಡು ಬಂದಳು.

"ಮಾವ, ಮುಂದಿನ ಭಾನುವಾರಕ್ಕೂ ಇದೇ ಬೇಕಂತೆ ಜನಕ್ಕೆ. ಪಾಪ್‌ಕಾರ್ನ್ ಯಂತ್ರ ಮೆಟ್ಟಿಲ ಕೆಳಗಿರಲಿ ಅಂದ್ರು ಮಾಲೀಕರು. 'ಹಳೇದು ಅಂದ್ರೆ ಹಳೇದೇ, ಈಗಿನವರಿಗೆ ಇಷ್ಟು ಕೆಟ್ಟದಾಗಿ ತೆಗೆಯೋಕೂ ಬರಲ್ಲ' ಅಂತ ಎಲ್ಲರ ಮುಂದೆ ಭಾಷಣ. ನಿಮ್ಮ ಕೈ ಕುಲುಕಬೇಕಂತೆ, ಕರ್ಕೊಂಡು ಬರ್ತೀನಿ, ಕೂದಲು ಬಾಚ್ಕೊಳಿ."

ಅವಳು ಹೋದ ಬಾಗಿಲಿನಲ್ಲೇ ಮುಂದಿನ ಸಾಲಿನ ಹುಡುಗಿ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು.

"ಗೀರೆಲ್ಲ ತೆಗೆದಿದ್ದು ನೀವಾ ಸರ್?"

"ಹೂಂ ಕಣಮ್ಮ. ಹನ್ನೊಂದು ಸಾವಿರ."

"ಹನ್ನೊಂದು ಸಾವಿರದ ಇನ್ನೂರು."

ಹತ್ತಿಮಾವನಿಗೆ ಅವಳ ಮೇಲೆ ಅಭಿಮಾನ ಉಕ್ಕಿತು. ಕೂರಲು ಸ್ಟೂಲು ಎಳೆದುಕೊಟ್ಟ.

"ನಿಮ್ಮ ತಾತನ ಸಿನಿಮಾನಾ? ಅಳಬೇಡಮ್ಮ. ಜನ ನಕ್ಕರು ಅಂತ ಬೇಜಾರು ಮಾಡ್ಕೋಬೇಡ. ಅವರ ಕಾಲದಲ್ಲಿ ಇದಕ್ಕೇ ಹೆದರ್ತಿದ್ರು."

"ತಾತ ಅಲ್ಲ ಸರ್."

"ಮತ್ತೆ, ಅಪ್ಪನಾ?"

ಕೆಳಗಿನಿಂದ ಮಾಲೀಕರ ಕೆಮ್ಮು ಮೆಟ್ಟಿಲು ಹತ್ತುತ್ತಿತ್ತು. ಹುಡುಗಿ ಮೂಗು ಒರೆಸಿಕೊಂಡಳು.

"ನಾನೇ ಸರ್. ಹೋದ ಬೇಸಿಗೇಲಿ ತೆಗೆದಿದ್ದು. ನೋಡಿ ಹೇಳಿ ಅಂತ ಡಬ್ಬಿನ ವಾಚ್‌ಮನ್ ಕೈಲಿ ಕೊಟ್ಟು ಹೋಗಿದ್ದೆ. ಹಳೇದರ ಥರ ಕಾಣ್ಲಿ ಅಂತ ಹಳೇ ಇಸವಿ ಹಾಕಿ, ಡಬ್ಬಿ ಮೇಲಿನ ಚೀಟಿನ ಚಹಾದಲ್ಲಿ ನೆನೆಸಿ ಅಂಟಿಸಿದ್ದೆ, ಅವರು ನಿಜಕ್ಕೂ ಹಳೇದು ಅಂದ್ಕೊಂಡು ರಾಶಿಗೆ ಹಾಕಿದ್ದಾರೆ. ಚಾಕು ರಟ್ಟಿಂದು ಅಂತ ಗೊತ್ತಾಗಬಾರದಲ್ಲ, ಅದಕ್ಕೆ ನಾಲ್ಕು ತಿಂಗಳು ಸೂಜಿ ಹಿಡಿದು ಒಂದೊಂದು ಗೀರೂ ನಾನೇ ಎಳೆದೆ. ಗೋಡೆ ಮೇಲೆ ಇಂಟರ್ನೆಟ್ ಪೆಟ್ಟಿಗೆಯ ದೀಪ ಕಾಣ್ತಿತ್ತು ನೋಡಿ, ಅದನ್ನ ಅಳಿಸಿದ್ದು ಮಾತ್ರ ಒಳ್ಳೇದು ಮಾಡಿದ್ರಿ."

ಹತ್ತಿಮಾವ ಎದ್ದು, ಸದ್ದಾಗದ ಹಾಗೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ.