ಕೋಟಿಗೆ ಅರವತ್ತನಾಲ್ಕು ಕಡಿಮೆ

“ಕೋಟಿ ಆಗಿಲ್ಲ,” ಅಂದರು ವಾರಿಜಾ.

ಜಯನಗರದ ಭಜನಾ ಮಂದಿರದಲ್ಲಿ ಹೋಮಕುಂಡಕ್ಕೆ ಇನ್ನೇನು ಬೆಂಕಿ ಬೀಳಬೇಕಿತ್ತು. ನಲವತ್ತು ಜನ ಸೇರಿ ಒಂಬತ್ತು ವರ್ಷ ರಾಮನಾಮ ಬರೆದಿದ್ದರು. ಸರಿಯಾಗಿ ಒಂದು ಕೋಟಿ ಆದ ದಿನ ಹೋಮ ಎಂಬುದು ಸಂಕಲ್ಪ. ಲೆಕ್ಕ ಇಟ್ಟವರು ಶಾಮಣ್ಣ, ನಿವೃತ್ತ ಎಂಜಿನಿಯರು. ತಪ್ಪು ಮಾಡುವುದೇನಿದ್ದರೂ ಬೇರೆಯವರ ಕೆಲಸ ಎಂದು ನಂಬಿದ್ದವರು.

“ಪುಟಕ್ಕೆ ನೂರೆಂಟು ಮನೆ, ಮನೆಗೊಂದು ರಾಮ. ತೊಂಬತ್ತೆರಡು ಸಾವಿರದ ಐನೂರ ತೊಂಬತ್ತೆರಡು ಪುಟ ಭರ್ತಿ. ಒಂದು ಮನೇನೂ ಖಾಲಿ ಇಲ್ಲ ಮೇಡಂ.”

“ಖಾಲಿ ಇಲ್ಲದ್ದಕ್ಕೇ ಹೇಳ್ತಿದೀನಿ.” ವಾರಿಜಾ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. “ನೂರೆಂಟು ಮೂರರಿಂದ ಭಾಗ ಹೋಗುತ್ತೆ. ಎಷ್ಟು ಪುಟ ತುಂಬಿಸಿದ್ರೂ ಮೊತ್ತ ಮೂರರಿಂದ ಭಾಗ ಹೋಗ್ಲೇಬೇಕು. ಕೋಟಿ ಹೋಗಲ್ಲ. ಅಂಕಿಗಳನ್ನ ಕೂಡಿಸಿ ನೋಡಿ, ಒಂದು ಒಂದು, ಏಳು ಸೊನ್ನೆ, ಬರೋದು ಒಂದೇ. ಪೂರ್ತಿ ತುಂಬಿದ ಪುಟದಲ್ಲಿ ಕೋಟಿ ಯಾವತ್ತೂ ಮುಗಿಯಲ್ಲ ಸಾರ್.”

ಶಾಮಣ್ಣ ಮೊಬೈಲಿನಲ್ಲಿ ಗುಣಿಸಿದರು. ಇನ್ನೊಮ್ಮೆ ಗುಣಿಸಿದರು. ಅರವತ್ತನಾಲ್ಕು ಕಡಿಮೆ. ಅವರ ಮುಖ ಸಪ್ಪಗಾಯಿತು.

“ಶುರುನಲ್ಲಿ ಕೋಟಿನ ನೂರೆಂಟರಿಂದ ಭಾಗ ಮಾಡಿದಾಗ ಪಾಯಿಂಟ್ ಆದ್ಮೇಲೆ ಏನೋ ಇತ್ತು. ಪುಡಿ ಲೆಕ್ಕ ಅಂತ ಬಿಟ್ಟೆ. ಕೊಡಿ, ಐದು ನಿಮಿಷದಲ್ಲಿ ಬರೆದು ಮುಗಿಸ್ತೀನಿ.”

ವಾರಿಜಾ ಹೊಸ ಪುಟವನ್ನು ಅವರ ಕೈಗೆ ಕೊಡಲಿಲ್ಲ. ಬಾಗಿಲ ಹತ್ತಿರ ಈಶ್ವರಮ್ಮ ಹೂ ಕಟ್ಟುತ್ತಿದ್ದರು. ಸಾರಕ್ಕಿಯಿಂದ ದಿನಾ ಮಂದಿರಕ್ಕೆ ಹೂ ತರುವವರು. ಪ್ರತಿ ವರ್ಷ ರಾಮನವಮಿಗೆ ಒಂದೇ ಒಂದು ಪುಟ ಕೇಳುತ್ತಿದ್ದರು. “ನಿನ್ನ ಅಕ್ಷರ ಮನೆ ದಾಟುತ್ತೆ ಕಣಮ್ಮ, ಲೆಕ್ಕ ಕೆಡುತ್ತೆ,” ಎಂದು ಶಾಮಣ್ಣ ಪ್ರತಿ ವರ್ಷವೂ ಬರಿಗೈಲಿ ವಾಪಸ್ ಕಳಿಸುತ್ತಿದ್ದರು. ಆಮೇಲಾಮೇಲೆ ಈಶ್ವರಮ್ಮ ಮಧ್ಯಾಹ್ನ ಹೂಬುಟ್ಟಿ ಇಳಿಸಿ ವಾರಿಜಾ ಅವರ ಜಗುಲಿಯಲ್ಲಿ ಅಕ್ಷರ ತಿದ್ದುತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ.

“ಬನ್ನಿ ಈಶ್ವರಮ್ಮ, ಕೋಟಿ ನಿಮಗೋಸ್ಕರ ನಿಂತಿದೆ,” ಅಂದರು ವಾರಿಜಾ.

ಶಾಮಣ್ಣನಿಗೆ ಈಗ ಅನುಮಾನ ಬಂತು. “ನಿಮಗಿದು ಯಾವಾಗ ಗೊತ್ತಾಯ್ತು?”

“ಮೊದಲನೇ ದಿನ.”

“ಹೇಳಬಾರದಿತ್ತಾ?”

“ಹೇಳಿದ್ರೆ ಆ ಅರವತ್ತನಾಲ್ಕನ್ನೂ ನೀವೇ ಬರೀತಿದ್ರಿ.”

ಈಶ್ವರಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕೂತರು. ಮುಕ್ಕಾಲು ಗಂಟೆ ಹಿಡಿಯಿತು. ಪುರೋಹಿತರು ಎರಡು ಸಲ ಗಡಿಯಾರ ನೋಡಿದರು. ಶಾಮಣ್ಣ ಹಿಂದೆ ನಿಂತು ಒಂದೊಂದನ್ನೂ ಎಣಿಸಿದರು. ಒಂದಕ್ಷರವೂ ಮನೆ ದಾಟಲಿಲ್ಲ.

“ಅರವತ್ತನಾಲ್ಕು. ಸಾಕಮ್ಮ, ಕೋಟಿ ಆಯ್ತು,” ಎಂದು ಅವರು ಪೆನ್ನಿಗೆ ಕೈ ಚಾಚಿದರು.

ಈಶ್ವರಮ್ಮ ಪೆನ್ನು ಬಿಡಲಿಲ್ಲ.

“ಇನ್ನೂ ನಲವತ್ನಾಲ್ಕು ಮನೆ ಐತಲ್ಲ ಸಾರ್. ಮುಂದಿನ ಕೋಟಿ ಇಲ್ಲಿಂದ ಎಣಿಸ್ಕೊಳ್ಳಿ.”