ಅರ್ಧ ಗಡ್ಡ

ಡ್ರಾಯಿಂಗ್ ಮೇಷ್ಟ್ರ ಎಡಗೆನ್ನೆ ಬೋಳಿಸಿ ಕ್ಷೌರಿಕ ಬಲಗೆನ್ನೆಗೆ ಕತ್ತಿ ತರುವಷ್ಟರಲ್ಲಿ ಮಾರ್ಕೆಟ್ಟಿನ ಕಡೆಯಿಂದ ಢಮಾರ್ ಎಂದಿತು. ಅಂಗಡಿಯ ಕನ್ನಡಿ ಒಡೆದು ಕೆಳಗೆ ಸುರಿಯಿತು. "ಬಾಂಬು! ಬಾಂಬು!" ಎಂದು ರಸ್ತೆಯಲ್ಲಿ ಕೂಗೆದ್ದಿತು. "ಅಯ್ಯೋ, ಮಗಳು ಅಲ್ಲೇ ಟ್ಯೂಷನ್ನಿಗೆ ಹೋಗಿದ್ದಾಳೆ!" ಎಂದವರೇ ಮೇಷ್ಟ್ರು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಓಡಿದರು. "ಅಪ್ಪಾ, ನೀನು ಅಜ್ಜನ ಥರ ಕಾಣ್ತೀಯ" ಎಂಬ ಅದೇ ಮಗಳ ಕಾಟಕ್ಕೆ ಸೋತು ಗಡ್ಡ ತೆಗೆಸಲು ಬಂದಿದ್ದರು.

ಊರೆಲ್ಲ ಮಾರ್ಕೆಟ್ಟಿನಿಂದ ಈಚೆಗೆ ಓಡುತ್ತಿರುವಾಗ ಅರ್ಧ ಗಡ್ಡದ ಮನುಷ್ಯನೊಬ್ಬ ಆಚೆಗೆ ಓಡಿದರೆ ಪೊಲೀಸರು ಸುಮ್ಮನೆ ಬಿಟ್ಟಾರೆಯೇ? ಬಾಂಬಿಟ್ಟವರು ಎಲ್ಲಿ ಹೋದರೋ ದೇವರೇ ಬಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಗಳೇನೋ ಗೆಳತಿಯ ಕೈ ಹಿಡಿದು ಮನೆ ಸೇರಿದಳು. ಅಪ್ಪ ಠಾಣೆ ಸೇರಿದರು.

ಮರುದಿನ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಅಳುತ್ತ ಅಂಗಡಿಗೆ ಬಂದರು. "ನಾನು ಹೇಳಿದ್ರೆ ನಂಬ್ತಿಲ್ಲ, ಅವರನ್ನ ನೋಡೋಕೂ ಬಿಡ್ತಿಲ್ಲ. ನೀವಾದ್ರೂ ಬಂದು ಹೇಳಿ ಅಣ್ಣಾ." ಗಾಜು ಗುಡಿಸುತ್ತಿದ್ದ ಕ್ಷೌರಿಕ ಪೊರಕೆ ಬಿಸಾಡಿ, ಸಾಕ್ಷಿಗಿರಲಿ ಎಂದು ತನ್ನ ಪೆಟ್ಟಿಗೆ ಎತ್ತಿಕೊಂಡು ಹೊರಟ. ಅದನ್ನು ಠಾಣೆಯ ಗೇಟಿನಲ್ಲೇ ಕಿತ್ತಿಟ್ಟುಕೊಂಡರು.

"ಮೇಷ್ಟ್ರೇ, ಮಗು ಮನೇಲಿದೆ! ಒಂದು ಗೀರೂ ಆಗಿಲ್ಲ!" ಅವನು ಬಾಗಿಲಲ್ಲೇ ಕೂಗಿದ. ರಾತ್ರಿಯೆಲ್ಲ ಆ ಒಂದು ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು.

"ಏಯ್, ಏನದು ಸನ್ನೆ?" ಇನ್ಸ್‌ಪೆಕ್ಟರು ಗದರಿದರು. "ಗಡ್ಡ ಯಾಕೆ ಅರ್ಧ ತೆಗೆದೆ?"

"ಪೂರ್ತಿ ತೆಗೆಯೋಕೆ ನಿಮ್ಮ ಬಾಂಬು ಎಲ್ಲಿ ಬಿಡ್ತು ಸ್ವಾಮಿ?"

"ನಮ್ಮ ಬಾಂಬಾ?"

"ಅಲ್ಲ, ಅವರದು."

"ಅವರು ಅಂದ್ರೆ? ನಿಂಗೆ ಗೊತ್ತಾ ಅವರು?"

ಕ್ಷೌರಿಕ ಹಣೆ ಚಚ್ಚಿಕೊಂಡ. ಇನ್ನೊಂದು ಮಾತಾಡಿದರೆ ತಾನೂ ಒಳಗೇ ಎಂದು ತಿಳಿದು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಿ, ಶಾಲೆಗೆ ಫೋನು ಮಾಡಿ ಹೆಡ್‌ಮಾಸ್ಟರನ್ನೂ ಗೋಳು ಹೊಯ್ದುಕೊಂಡು, ಮಧ್ಯಾಹ್ನದ ಹೊತ್ತಿಗೆ "ಸರಿ, ಹೋಗಿ ಹೋಗಿ" ಎಂದರು, ತಪ್ಪೆಲ್ಲ ಮೇಷ್ಟ್ರದೇ ಎಂಬಂತೆ.

ಹೊರಗಿನ ಬೆಂಚಿನ ಮೇಲೆ ಅವರನ್ನು ಕೂರಿಸಿ ಕ್ಷೌರಿಕ ಗೇಟಿನಲ್ಲಿ ವಾಪಸು ಪಡೆದ ಪೆಟ್ಟಿಗೆ ತೆರೆದ. "ಉಳಿದಿದ್ದನ್ನೂ ಮುಗಿಸಿಬಿಡ್ತೀನಿ. ಈ ಅವತಾರದಲ್ಲಿ ಮಗು ಮುಂದೆ ಹೋಗ್ಬೇಡಿ."

"ತೆಗೀಬೇಡಪ್ಪೋ!" ಗೇಟಿನ ಪೇದೆ ಕನಿಕರದಿಂದಲೇ ಹೇಳಿದ. "ಅವರ ಗುರುತಿನ ಚೀಟೀಲಿ ಗಡ್ಡ ಇದೆ. ದಾರಿಯುದ್ದಕ್ಕೂ ತಪಾಸಣೆ. ಬೋಳು ಮುಖ ಕಂಡ್ರೆ, ಇವರು ಅವರಲ್ಲ ಅಂತ ಮತ್ತೆ ಹಿಡ್ಕೊಂಡು ಬರ್ತಾರೆ."

"ಹಾಗಾದ್ರೆ ಹೀಗೇ ಹೋಗ್ಲಾ?" ಮೇಷ್ಟ್ರು ಕೇಳಿದರು.

"ಹೀಗೆ ಹೋದ್ರೆ ನಿನ್ನೆ ಹಿಡಿದವರೇ ಹಿಡೀತಾರೆ."

ಕ್ಷೌರಿಕನ ಕೈಯಲ್ಲಿ ಕತ್ತಿ ಹಾಗೇ ನಿಂತಿತು. ಮೇಷ್ಟ್ರು ಕಣ್ಣು ಮುಚ್ಚಿ ಗೋಡೆಗೆ ತಲೆಯಾನಿಸಿದರು.

"ಒಳಗೆ ಹೋಗಿ ಒಂದು ಸಲ ಕೇಳ್ಕೊಂಡು ಬನ್ನಿ," ಎಂದು ಪೇದೆಗೆ ಹೇಳಿದರು, "ಯಾವ ಮುಖ ಇಟ್ಕೊಂಡು ಹೋದ್ರೆ ನನ್ನನ್ನ ನನ್ನ ಮನೆಗೆ ಬಿಡ್ತಾರೆ ಅಂತ."